ಹಳದಿ ಚೀಟಿಯ ಏಳನೇ ಕ್ಲಾಸು

ಇನ್‌ಸ್ಪೆಕ್ಟರು ಬರುವ ಮುಂಚಿನ ಶನಿವಾರ ನಮ್ಮ ಶಾಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೆಳಗಿನ ಶಾಲೆ. ಪ್ರಾರ್ಥನೆ ಅರ್ಧಕ್ಕೆ ಬಂದಾಗ ಪೀಣ್ಯದ ಕಡೆಯಿಂದ ಫ್ಯಾಕ್ಟರಿಯ ಸೈರನ್ ಕೂಗಿತು. ಮಕ್ಕಳು ಎಂದಿನಂತೆ ಸೈರನ್ನಿನ ಸ್ವರ ಹಿಡಿದು ಪ್ರಾರ್ಥನೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತಿಕೊಂಡು ಹಾಡಿ ಮುಗಿಸಿದರು. ಆಮೇಲೆ ನಾನು ಆರನೇ ಕ್ಲಾಸಿಗೆ ಲೆಕ್ಕ ಕೊಟ್ಟು ವರಾಂಡಕ್ಕೆ ಬಂದೆ. ಅಲ್ಲಿ ವಿಮಲಾ ಏಳನೇ ಕ್ಲಾಸಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳಿಗೆ ನಗು ತಡೆಯಲಾಗದಿದ್ದಾಗ ಮಾಡುತ್ತಿದ್ದ ಕೆಲಸ ಅದು.

"ರುಕ್ಕು, ಇಲ್ಲಿ ಬಾರೇ. ನಮ್ಮ ನರಸಿಂಹ ಬರೆದಿರೋದು ನೋಡು."

ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆ ಎಂಬುದು ಪ್ರಶ್ನೆ. ನರಸಿಂಹ ದುಂಡಗಿನ ಅಕ್ಷರದಲ್ಲಿ ಬರೆದಿದ್ದ: ಸೂರ್ಯನು ಯಶವಂತಪುರದಲ್ಲಿ ಹುಟ್ಟಿ ಪೀಣ್ಯ ಸೆಕೆಂಡ್ ಸ್ಟೇಜಿನಲ್ಲಿ ಮುಳುಗುತ್ತಾನೆ.

"ಎಷ್ಟು ಕೊಡ್ತೀಯ ಇದಕ್ಕೆ?" ಅಂದೆ.

"ಪೂರ್ತಿ ಕೊಡ್ತೀನಿ. ಸಾಯಂಕಾಲ ಆಚೆ ನಿಂತು ನೋಡು, ಅಲ್ಲೇ ತಾನೆ ಮುಳುಗೋದು?"

ಇಬ್ಬರೂ ನಗಲು ಶುರುಮಾಡಿದೆವು. ಒಳಗಿನಿಂದ ನಮ್ಮ ಹೆಡ್‌ಮೇಷ್ಟ್ರು ನಂಜುಂಡಯ್ಯನವರ ಗಂಟಲು ಕೇಳಿತು. "ಏನಮ್ಮಾ ಅದು? ಇದು ಶಾಲೆಯೋ, ಬೀಗರೂಟದ ಪಂಕ್ತಿಯೋ?" ಅದಕ್ಕೂ ನಕ್ಕೆವು. ಆ ದಿನ ನಡೆದದ್ದು ಅಷ್ಟೇ.

ವಿಮಲಾ ಹೋದ ವರ್ಷ ತೀರಿಕೊಂಡಳು. ನಾನೂ ಅವಳೂ ಒಂದೇ ವರ್ಷ ಟಿ.ಸಿ.ಎಚ್. ಶಿಕ್ಷಕರ ತರಬೇತಿ ಮುಗಿಸಿ, ಒಂದೇ ಬಸ್ಸಿನಲ್ಲಿ ಬಂದು, ಒಂದೇ ದಿನ ಆ ಶಾಲೆಯಲ್ಲಿ ಡ್ಯೂಟಿಗೆ ಸೇರಿದವರು. ಮಾತು ಅವಳದು, ಕೇಳುವುದು ನನ್ನದು. ಈಗ ಮಾತಾಡುವವಳು ಇಲ್ಲವಾದ್ದರಿಂದ ನಾನು ಬರೆಯಲು ಕೂತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಓದಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಸಂಗತಿ ಯಾರಿಗೂ ಬೇಡ. ನಮ್ಮ ಏಳನೇ ಕ್ಲಾಸಿನ ಸಂಗತಿಯನ್ನು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಶಾಲೆ ಇದ್ದ ಲಗ್ಗೆರೆಯ ಆಚೀಚೆ ಇನ್ನೂ ರಾಗಿ ಹೊಲಗಳಿದ್ದವು, ಹೊಲಗಳ ನಡುವೆ ಶೆಡ್ಡುಗಳು ಏಳುತ್ತಿದ್ದವು. ನಮ್ಮ ಶಾಲೆಯ ಅರ್ಧ ಮಕ್ಕಳು ಊರಿನ ಒಕ್ಕಲು ಮನೆತನದವರು, ಇನ್ನರ್ಧ ಫ್ಯಾಕ್ಟರಿಗೆ ಹೋಗುವವರ ಮಕ್ಕಳು. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದರಲ್ಲಿ ನಮ್ಮ ಶಾಲೆಯ ಫಲಿತಾಂಶ ಹೇಗಿತ್ತೆಂದರೆ, ಪಾಸಾದವರ ಹೆಸರು ಓದಲು ಹೆಡ್‌ಮೇಷ್ಟ್ರು ಕನ್ನಡಕ ಹುಡುಕುವಷ್ಟರಲ್ಲಿ ಪಟ್ಟಿಯೇ ಮುಗಿದುಹೋಗುತ್ತಿತ್ತು.

ಸೋಮವಾರ ಇನ್‌ಸ್ಪೆಕ್ಟರು ಬಂದರು. ತೆಳ್ಳಗಿನ, ಇಸ್ತ್ರಿ ಮುರಿಯದ ಮನುಷ್ಯ. ನಗುವನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬರುತ್ತಿದ್ದರು. ಅಂಕಗಳ ಪುಟ ತಿರುವಿ ಹೇಳಿದರು. "ನಂಜುಂಡಯ್ಯನವರೇ, ಇಂಥ ರಿಸಲ್ಟಿಗೆ ಏಳನೇ ಕ್ಲಾಸು ನಡೆಸೋದು ಯಾಕೆ? ದಸರಾ ಆದ ಮೇಲೆ ಬರ್ತೀನಿ. ಮಕ್ಕಳಲ್ಲಿ ಪ್ರಗತಿ ಕಾಣದಿದ್ರೆ ಕ್ಲಾಸನ್ನ ರಸ್ತೆ ಆಚೆ ಶಾಲೆಗೆ ಸೇರಿಸಿಬಿಡ್ತೀನಿ."

ರಸ್ತೆ ಆಚೆ ಎಂದರೆ ತುಮಕೂರು ರಸ್ತೆಯ ಆಚೆ, ದಾಸರಹಳ್ಳಿಯ ಕಡೆ. ಹಗಲೆಲ್ಲ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ಹೋಗುವ ರಸ್ತೆ. ಗಂಡುಮಕ್ಕಳು ಹೇಗೋ ದಾಟುತ್ತಿದ್ದರು. ಹೆಣ್ಣುಮಕ್ಕಳ ವಿಷಯ ಬೇರೆ. ಅದೇ ಸಂಜೆ ಜಯಲಕ್ಷ್ಮಿಯ ಅಜ್ಜಿ ಮುನಿಯಮ್ಮ ಸುದ್ದಿ ಕೇಳಿಕೊಂಡು ಬಂದರು. ಊರಿನ ಅರ್ಧ ಹೊಲ ಅವರದು, ಇಡೀ ಊರಿನ ಮಾತೂ ಅವರದೇ. ಜಯಲಕ್ಷ್ಮಿ ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದೆ ಕೂರುವ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬರುವ ಹುಡುಗಿ.

"ಮೇಡಮ್ಮ, ಇಲ್ಲೇ ಇದ್ರೆ ನಮ್ ಉಡ್ಗಿ ಓದ್ಲಿ. ಆ ರೋಡ್ ದಾಟ್ಸಾಕಿಲ್ಲ. ದಾಟ್ಸಿದ್ರೆ ಮದ್ವೆ ಮಾಡಿ ದಿಬ್ಬಣದಾಗೆ ದಾಟ್ಸೋದೇಯ" ಎಂದರು ಮುನಿಯಮ್ಮ.

ಜಯಲಕ್ಷ್ಮಿ ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಯದು ಬೆದರಿಕೆಯಲ್ಲ. ಆ ಮನೆಯಲ್ಲಿ ಅವಳ ಅಕ್ಕನ ಮದುವೆ ಹಾಗೆಯೇ ಆಗಿತ್ತು.

ಹೆಡ್‌ಮೇಷ್ಟ್ರು ಒಳ್ಳೆಯವರು, ಆದರೆ ಹೆದರಿದಾಗ ಅವರಿಗೆ ಹೊಳೆಯುತ್ತಿದ್ದುದೆಲ್ಲ ಅಡ್ಡದಾರಿ. ದಡ್ಡ ಮಕ್ಕಳನ್ನೆಲ್ಲ ಪರೀಕ್ಷೆಯ ದಿನ ನೀರು ತರಲು ಕಳಿಸಿಬಿಟ್ಟರೆ ಸರಾಸರಿ ತಾನಾಗಿ ಏರುತ್ತದೆ ಎಂದರು.

"ಅಷ್ಟೊಂದು ನೀರು ಎಲ್ಲಿಡೋದು ಸಾರ್?" ಅಂದಳು ವಿಮಲಾ. "ಶಾಲೇಲಿ ಉಳಿಯೋದು ನೀವೂ ನಾವೂ ಮಾತ್ರ."

ನಾನು ಗೋಡೆಯ ಮೇಲೆ ಪ್ರಗತಿಯ ನಕ್ಷೆ ಬರೆದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ತಿಂಗಳ ತಿಂಗಳ ಸರಾಸರಿಗೆ ಒಂದು ಚುಕ್ಕೆ, ಚುಕ್ಕೆಗಳನ್ನು ಸೇರಿಸಿ ಒಂದು ಗೆರೆ. ಉತ್ಸಾಹದಲ್ಲಿ ಮೊದಲನೇ ಚುಕ್ಕೆಯನ್ನೇ ನನ್ನ ಕೈಗೆಟುಕುವಷ್ಟು ಮೇಲೆ ಇಟ್ಟುಬಿಟ್ಟಿದ್ದೆ. ಆಗಸ್ಟಿನಲ್ಲಿ ಅಂಕ ಸ್ವಲ್ಪ ಏರಿತು, ಸೆಪ್ಟೆಂಬರಿನಲ್ಲಿ ಮತ್ತೆ ಏರಿತು, ಗೋಡೆ ಮುಗಿದುಹೋಯಿತು. ಹೆಡ್‌ಮೇಷ್ಟ್ರು ಬೆಂಚಿನ ಮೇಲೆ ಸ್ಟೂಲಿಟ್ಟು ಹತ್ತಿ, ಪಂಚೆ ಎತ್ತಿ ಕಟ್ಟಿ, ಮುಂದಿನ ಚುಕ್ಕೆಯನ್ನು ಹೆಂಚಿನ ಕೆಳಗಿನ ತೊಲೆಯ ಮೇಲೆ ಇಟ್ಟರು. ಇಳಿಯುವಾಗ ಅವರನ್ನು ಹಿಡಿದುಕೊಳ್ಳಲು ಇಡೀ ಐದನೇ ಕ್ಲಾಸು ಬರಬೇಕಾಯಿತು. ಹೊಸಬರಿಗೆ ನನ್ನ ಮಾತು ಇಷ್ಟು: ನಕ್ಷೆಯನ್ನು ಕೆಳಗಿನಿಂದ ಶುರುಮಾಡಿ.

ಅಂಕ ಏರಿದ್ದು ಹೇಗೆಂದು ಹೇಳಬೇಕು. ಪಾಲಕರ ಸಭೆ ಕರೆದಿದ್ದೆವು. ನರಸಿಂಹನ ತಂದೆ ಗಂಗಾಧರಪ್ಪ ಶಿಫ್ಟು ಮುಗಿಸಿ ನೀಲಿ ಅಂಗಿಯಲ್ಲೇ ಬಂದಿದ್ದರು. ಯಂತ್ರದ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ, ತಯಾರಾದ ಮಾಲನ್ನು ಅಳೆದು ನೋಡುವ ಕೆಲಸ ಅವರದು. ಮಗನ ಅಂಕ ನೋಡಿ ತಲೆ ಕೆರೆದುಕೊಂಡರು.

"ಮೇಡಂ, ಬರೀ ಫೇಲು ಅಂತ ಬರೆದ್ರೆ ನಾನ್ ಮನೇಲಿ ಏನ್ ಮಾಡ್ಲಿ? ಹೊಡೀಬೋದು, ಅಷ್ಟೇ. ನಮ್ಮಲ್ಲಾದ್ರೆ ಪೀಸಿಗೆ ಚೀಟಿ ಕಟ್ತೀವಿ. ಸರಿ ಇದ್ರೆ ಹಸಿರು. ತಿದ್ದಿದ್ರೆ ಸರಿ ಹೋಗತ್ತೆ ಅಂದ್ರೆ ಹಳದಿ, ಎಲ್ಲಿ ತಿದ್ಬೇಕು ಅಂತ ಅದ್ರ ಮೇಲೇ ಬರೆದಿರ್ತೀವಿ. ರಿಜೆಕ್ಟಿಗೆ ಕೆಂಪು."

ಅವರು ತಮಾಷೆಗೆ ಅಂದದ್ದು. ವಿಮಲಾ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಗಂಗಾಧರಪ್ಪನವರೇ, ಅವು ನಮಗೆ ಬೇಕು."

"ಚೀಟಿನಾ? ಹಳೇ ಸೈಜಿನವು ಮೂಲೇಲಿ ಬಿದ್ದಿವೆ, ಬಿಸಾಕೋದೇ. ಕೇಳಿ ತರ್ತೀನಿ ಬಿಡಿ."

ಮುಂದಿನ ವಾರ ದಾರ ಪೋಣಿಸಿದ ರಟ್ಟಿನ ಚೀಟಿಗಳ ಕಂತೆ ಬಂತು. ಕಿರುಪರೀಕ್ಷೆ ಆದ ಮೇಲೆ ವಿಮಲಾ ಪ್ರತಿ ಉತ್ತರ ಪತ್ರಿಕೆಗೂ ಚೀಟಿ ಕಟ್ಟಿದಳು. ಹಳದಿಯ ಮೇಲೆ ಬರೆದಳು: ಭಾಗಾಕಾರ, ಶೇಷ ಮರೆಯುತ್ತಾನೆ. ಭಿನ್ನರಾಶಿ, ಕೆಳಗಿನದನ್ನೂ ಕೂಡುತ್ತಾಳೆ. ಕೆಂಪನ್ನು ಮುಟ್ಟಲೇ ಇಲ್ಲ.

ಚೀಟಿಯನ್ನು ಕಾಗದಕ್ಕೆ ಕಟ್ಟಿದ್ದು ನಾವು. ಅದನ್ನು ಬಿಚ್ಚಿ ಅಂಗಿಯ ಗುಂಡಿಗೆ, ಜಡೆಯ ಟೇಪಿಗೆ ಕಟ್ಟಿಕೊಂಡವರು ಮಕ್ಕಳು. ಅಪ್ಪಂದಿರು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುವುದನ್ನು ನೋಡಿದ್ದರಲ್ಲ, ಇದು ತಮ್ಮ ಬಿಲ್ಲೆ ಎಂದುಕೊಂಡರು. ಚೀಟಿಯಲ್ಲಿ ಬರೆದದ್ದನ್ನು ಕಲಿತ ಮೇಲೆಯೇ ಅದನ್ನು ಬಿಚ್ಚಬೇಕು ಎಂಬ ನಿಯಮವನ್ನೂ ತಾವೇ ಮಾಡಿಕೊಂಡರು. ಮಕ್ಕಳಿಗೆ ಅವಮಾನವಾದೀತು ಎಂದು ನಾನು ಹೆದರಿದ್ದೆ. ಆದದ್ದು ಬೇರೆಯೇ. ಹಸಿರು ಚೀಟಿ ಸಿಕ್ಕಿದ ಹುಡುಗನೊಬ್ಬ ನನಗ್ಯಾಕೆ ಹಳದಿ ಇಲ್ಲ ಎಂದು ಅತ್ತ.

ಊರೇ ಮೇಷ್ಟರಾಗಿಬಿಟ್ಟಿತು. ಅಂಗಡಿಯ ಶೆಟ್ಟರು ಬೆಲ್ಲ ಕಟ್ಟಿಕೊಡುತ್ತಾ "ಏನೋ, ನಿಂದಿನ್ನೂ ಭಾಗಾಕಾರ ಬಿಚ್ಚಿಲ್ವಾ?" ಎಂದು ಕೇಳುತ್ತಿದ್ದರು. ಬಸ್ಸಿನ ಕಂಡಕ್ಟರೊಬ್ಬರು ಒಬ್ಬಳ ಜಡೆಯ ಚೀಟಿ ಓದಿ, ಯಶವಂತಪುರ ಬರುವುದರೊಳಗೆ ತ್ರೈರಾಶಿ ಹೇಳಿಕೊಟ್ಟು, ತಾವು ಸ್ಟಾಪು ಕೂಗುವುದನ್ನೇ ಮರೆತು ಬೈಸಿಕೊಂಡರಂತೆ. ಮುನಿಯಮ್ಮನಿಗೆ ಓದು ಬಾರದು. ಮೊಮ್ಮಗಳನ್ನು ಜಗುಲಿಯ ಮೇಲೆ ನಿಲ್ಲಿಸಿಕೊಂಡು, ದಾರಿಯಲ್ಲಿ ಪ್ಯಾಂಟು ಹಾಕಿದವರು ಯಾರು ಕಂಡರೂ ಕೂಗುತ್ತಿದ್ದರು.

"ಏ ಅಣ್ಣಯ್ಯ, ಇಲ್ಲಿ ಬಾ. ಇದ್ರಾಗೆ ಏನೈತೆ ಓದು."

"ಭಿನ್ನರಾಶಿ ಅಂತ ಇದೆ ಅಜ್ಜಿ."

"ಅಂಗಂದ್ರೆ ಏನು? ಗೊತ್ತಾ ನಿಂಗೆ? ಗೊತ್ತಿದ್ರೆ ಕೂತ್ಕೊಂಡು ಏಳ್ಕೊಡು. ಮಜ್ಜಿಗೆ ಕೊಡ್ತೀನಿ."

ಬಾಡಿಗೆಗೆ ಮನೆ ಹುಡುಕಿಕೊಂಡು ಬಂದ ಒಬ್ಬ ಡಿಪ್ಲೊಮಾ ಹುಡುಗನನ್ನು ಅವರು ಹಾಗೆ ಕೂರಿಸಿಕೊಂಡು ಮೂರು ಲೋಟ ಮಜ್ಜಿಗೆ ಕುಡಿಸಿದರಂತೆ. ಆಮೇಲೆ ಮನೆಯನ್ನೂ ಕೊಟ್ಟರು.

ದಸರಾ ರಜೆಗೆ ಮುಂಚೆ ಶಾಲೆಯಲ್ಲಿ ಶಾರದಾ ಪೂಜೆ. ಕೆಂಪು ಚೀಟಿಗಳ ಕಂತೆ ಹಾಗೆಯೇ ಉಳಿದಿತ್ತು. ಬಣ್ಣ ಚೆನ್ನಾಗಿದೆ, ದಾರವೂ ಇದೆ ಎಂದು ವಿಮಲಾ ಅದನ್ನೆಲ್ಲ ಪೋಣಿಸಿ ಶಾರದೆಯ ಪಟಕ್ಕೆ ದೊಡ್ಡ ಹಾರ ಮಾಡಿ ಹಾಕಿದಳು. ದೂರಕ್ಕೆ ದಾಸವಾಳದಂತೆ ಕಾಣುತ್ತಿತ್ತು. ಮಂಗಳಾರತಿಗೆ ಫ್ಯಾಕ್ಟರಿಯ ಅಪ್ಪಂದಿರೆಲ್ಲ ಬಂದರು. ಬಂದವರು ಬಂದಲ್ಲೇ ನಿಂತರು. ಗಂಗಾಧರಪ್ಪ ಕೈಮುಗಿಯಲು ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಕೇಳಿದರು.

"ಮೇಡಂ, ತಾಯೀನೇ ರಿಜೆಕ್ಟ್ ಮಾಡ್ಬಿಟ್ರಲ್ಲ?"

ಹೆಡ್‌ಮೇಷ್ಟ್ರು ಗಂಟೆ ಬಾರಿಸುತ್ತಿದ್ದರು. ವಿಮಲಾ ಮಂಗಳಾರತಿಯ ತಟ್ಟೆ ನನ್ನ ಕೈಗೆ ತುರುಕಿ ಹೊರಗೆ ಓಡಿದಳು. ಬಾವಿಕಟ್ಟೆಯ ಹತ್ತಿರದಿಂದ ಅವಳ ನಗು ಕೇಳುತ್ತಿತ್ತು. ತಟ್ಟೆಯಲ್ಲಿದ್ದ ಕರ್ಪೂರ ನಾನು ನಕ್ಕ ರಭಸಕ್ಕೆ ಆರಿಹೋಯಿತು. ಮತ್ತೆ ಹಚ್ಚಿದೆವು. ಅಪ್ಪಂದಿರು ಕೂಡಿ ಹಾರವನ್ನು ತೆಗೆದು, ಹಸಿರು ಚೀಟಿಯ ಹಾರ ಹಾಕಿ ನೆಮ್ಮದಿಯಿಂದ ಪ್ರಸಾದ ತಿಂದರು.

ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಹೇಳಿದಂತೆಯೇ ಬಂದರು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿದರು, ತೊಲೆ ಏರಿದ್ದ ನಕ್ಷೆಯನ್ನು ಕತ್ತೆತ್ತಿ ನೋಡಿದರು. ಅಂಕ ನಿಜವಾಗಿಯೂ ಏರಿತ್ತು. ಅವರಿಗೆ ನಂಬಿಕೆ ಬರಲಿಲ್ಲ. ಬಾಯಲ್ಲೇ ಪ್ರಶ್ನೆ ಕೇಳುತ್ತೇನೆ ಎಂದು ಏಳನೇ ಕ್ಲಾಸಿಗೆ ಬಂದು ನಿಂತರು. ನಾನು, ವಿಮಲಾ, ಹೆಡ್‌ಮೇಷ್ಟ್ರು ಹಿಂದಿನ ಗೋಡೆಗೆ ಒರಗಿ ನಿಂತೆವು.

ಮೊದಲು ಎಬ್ಬಿಸಿದ್ದು ನರಸಿಂಹನನ್ನು. "ಏಳೆಂಟ್ಲಿ?"

"ಐವತ್ತಾರು ಸಾರ್," ಎಂದ ನರಸಿಂಹ. ಅವನು ಇನ್ನೂ ಕೂರಲಿಲ್ಲ. "ಒಂದು ಹೆಚ್ಚು, ಒಂದು ಕಮ್ಮಿ, ನಡಿಯುತ್ತೆ ಸಾರ್."

"ಏನು ನಡಿಯುತ್ತೆ?"

"ಐವತ್ತೈದರಿಂದ ಐವತ್ತೇಳರೊಳಗೆ ಇದ್ರೆ ಪಾಸು ಸಾರ್. ನಮ್ಮಪ್ಪ ಅಳೆಯೋದು ಹಂಗೇ."

ಮನೆಯಲ್ಲಿ ಹೇಳಿಕೊಟ್ಟ ಅಪ್ಪಂದಿರು ಲೆಕ್ಕದ ಜೊತೆಗೆ ಫ್ಯಾಕ್ಟರಿಯ ಈ ರಿಯಾಯಿತಿಯನ್ನೂ ಹೇಳಿಕೊಟ್ಟಿದ್ದರು. ಕಬ್ಬಿಣದ ತುಂಡು ಕೂದಲೆಳೆಯಷ್ಟು ಆಚೀಚೆ ಇದ್ದರೂ ಅಲ್ಲಿ ಒಪ್ಪಿಕೊಳ್ಳುತ್ತಾರೆ. ನಾವು ಕೂತು ಬರೆಸಿದ ಪರೀಕ್ಷೆಗಳಲ್ಲಿ ಮಕ್ಕಳು ಉತ್ತರ ಮಾತ್ರ ಬರೆದಿದ್ದರಿಂದ ನಮಗೆ ಇದು ಗೊತ್ತೇ ಆಗಿರಲಿಲ್ಲ.

ಇನ್‌ಸ್ಪೆಕ್ಟರು ಇನ್ನೊಬ್ಬನನ್ನು ಎಬ್ಬಿಸಿದರು. "ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಯಾವಾಗ?"

"ಸಾವಿರದ ಒಂಬೈನೂರ ನಲವತ್ತೇಳು ಸಾರ್. ಒಂದು ವರ್ಷ ಆಚೆ ಈಚೆ."

ಆಮೇಲೆ ಜಯಲಕ್ಷ್ಮಿಯನ್ನು. ಆರು ಮಾವಿನಹಣ್ಣಿನಲ್ಲಿ ಮೂರನೇ ಒಂದು ಭಾಗ ಕೊಟ್ಟರೆ ಉಳಿಯುವುದೆಷ್ಟು?

"ನಾಲ್ಕು" ಎಂದಳು. ಸ್ವಲ್ಪ ಯೋಚಿಸಿ, "ಅಜ್ಜಿ ಎಣಿಸಿದ್ರೆ ನಾಲ್ಕೇ ಸಾರ್, ಆಚೆ ಈಚೆ ಇಲ್ಲ" ಎಂದಳು.

ವಿಮಲಾಳ ಸೆರಗು ಬಾಯಿಗೆ ಹೋದದ್ದನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. ಹೆದರಿದಾಗಲೂ ಅವಳಿಗೆ ನಗುವೇ ಬರುತ್ತಿತ್ತು. ಇನ್‌ಸ್ಪೆಕ್ಟರು ತಿರುಗಿ ನೋಡಿದರು. "ಇದೇನಾ ನಿಮ್ಮ ಪ್ರಗತಿ? ಗೋಡೆ ಮೇಲಿರೋದು?" ಎಂದವರೇ ಹೆಡ್‌ಮೇಷ್ಟರ ಕೋಣೆಗೆ ನಡೆದರು, ಕ್ಲಾಸನ್ನು ರಸ್ತೆಯ ಆಚೆಗೆ ಕಳಿಸುವ ಕಾಗದ ಬರೆಯಲು. ಹೆಡ್‌ಮೇಷ್ಟ್ರು ಹಿಂದೆ ಹೋಗಿ, ಇಂಕು ತರಲು ಎಂದು ಹೇಳಿ ಹೊರಗೆ ಬಂದು, ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

ಜಯಲಕ್ಷ್ಮಿ ನಿಂತೇ ಇದ್ದಳು. ಜಡೆಯ ಹಳದಿ ಚೀಟಿಯನ್ನು ಬಿಚ್ಚಿ, ಮಡಿಸಿ, ಚೀಲದಲ್ಲಿ ಇಟ್ಟುಕೊಂಡಳು. ವಿಮಲಾ ಅದನ್ನು ನೋಡಿದಳು. "ರುಕ್ಕು, ಮಕ್ಕಳನ್ನ ನೋಡ್ಕೋ" ಎಂದು ನೆಟ್ಟಗೆ ಹೋಗಿ ಆ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು.

ನಾನು ಮಕ್ಕಳಿಗೆ ಮಗ್ಗಿ ಹೇಳಿಸಿದೆ, ಆಚೆ ಈಚೆ ಇಲ್ಲದ ಮಗ್ಗಿ. ಎರಡರಿಂದ ಹದಿನಾರರವರೆಗೆ ಹೇಳಿ ಮುಗಿಸಿದರೂ ಬಾಗಿಲು ತೆಗೆಯಲಿಲ್ಲ. ಮೊದಲು ಇನ್‌ಸ್ಪೆಕ್ಟರ ಗಟ್ಟಿ ದನಿ ಕೇಳಿತು. ಆಮೇಲೆ ವಿಮಲಾಳ ಸಣ್ಣ ದನಿ. ಆಮೇಲೆ ಏನೂ ಇಲ್ಲ. ಆಮೇಲೆ ಯಾರೋ ಕೆಮ್ಮಿದ ಹಾಗೆ ಒಂದು ಸದ್ದು. ಅದು ಕೆಮ್ಮಲ್ಲ, ನಗು ಎಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು. ಆ ನಗು ವಿಮಲಾಳದಲ್ಲ.

ಬಾಗಿಲು ತೆರೆಯಿತು. ಇನ್‌ಸ್ಪೆಕ್ಟರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾ ಬಂದರು. ಯಾರನ್ನೂ ನೋಡದೆ ಹೇಳಿದರು. "ಮಾರ್ಚಿ ಪರೀಕ್ಷೆವರೆಗೆ ಇಲ್ಲೇ ಇರಲಿ. ಅರ್ಧದಷ್ಟಾದ್ರೂ ಪಾಸಾಗ್ಬೇಕು. ಒಂದು ಹೆಚ್ಚಾದ್ರೆ ನಡಿಯುತ್ತೆ. ಕಮ್ಮಿ ಆದ್ರೆ ನಡಿಯೋಲ್ಲ." ಮೋಟಾರು ಸೈಕಲ್ ಹತ್ತಿ ಹೋದರು.

ಆ ನಾಲ್ಕೈದು ತಿಂಗಳು ನಾವು ದುಡಿದ ರೀತಿಯನ್ನು ಬರೆದರೆ ಜಂಬವಾಗುತ್ತದೆ. ಅಪ್ಪಂದಿರನ್ನು ಕರೆಸಿ, ಲೆಕ್ಕದಲ್ಲಿ ಆಚೆ ಈಚೆ ಇಲ್ಲ ಎಂದು ಮೊದಲು ಅವರಿಗೆ ಪಾಠ ಮಾಡಿದೆವು. ಗಂಗಾಧರಪ್ಪ "ಅಷ್ಟು ಕಟ್ಟುನಿಟ್ಟಾದ್ರೆ ಯಾವ ಫ್ಯಾಕ್ಟ್ರೀನೂ ನಡಿಯಲ್ಲ ಮೇಡಂ" ಎಂದು ಗೊಣಗುತ್ತಲೇ ಒಪ್ಪಿದರು. ಚೀಟಿಗಳು ಅಂಗಿಯಿಂದ ಅಂಗಿಗೆ ಬದಲಾದವು, ಮಾಸಿದವು, ಹರಿದವು.

ಫಲಿತಾಂಶ ಬಂದ ದಿನ ಹೆಡ್‌ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಬಂದಿದ್ದರು. ಪಟ್ಟಿ ಓದುತ್ತಾ ಹೋದರು, ಮುಗಿಯಲಿಲ್ಲ. ಅರ್ಧ ದಾಟಿತು. ಮುಕ್ಕಾಲು ಮುಟ್ಟಿತು. ನಡುವೆ ನೀರು ಕುಡಿದು ಮತ್ತೆ ಓದಿದರು. ಜಯಲಕ್ಷ್ಮಿಯ ಹೆಸರು ಬಂದಾಗ ಮುನಿಯಮ್ಮ ಎದ್ದುನಿಂತು "ಇನ್ನೊಂದ್ಸಲ ಓದಿ ಸಾಮಿ" ಎಂದರು. ಹೆಡ್‌ಮೇಷ್ಟ್ರು ಇನ್ನೊಮ್ಮೆ ಓದಿದರು. ಪಾಸಾಗದೆ ಉಳಿದ ಮಕ್ಕಳ ಹೆಸರನ್ನು ವಿಮಲಾ ತಾನೇ ಕರೆದು ಹಳದಿ ಚೀಟಿ ಕೊಟ್ಟಳು. ನಕ್ಷೆಯ ಚುಕ್ಕೆ ಇಡಲು ಗೋಡೆಯಲ್ಲಿ ಜಾಗವಿರಲಿಲ್ಲ. ಹೆಡ್‌ಮೇಷ್ಟ್ರು ಅಂಗಳಕ್ಕೆ ಹೋಗಿ, ಸೀಮೆಸುಣ್ಣವನ್ನು ಹೆಂಚಿನ ಮೇಲೆ ಎಸೆದು "ಅಲ್ಲಿ ಇಟ್ಟೆ ಅಂತ ತಿಳ್ಕೊಳಿ" ಎಂದರು.

ಜೂನ್ ತಿಂಗಳಲ್ಲಿ ಆಚೆಯ ಹೈಸ್ಕೂಲಿನ ಎಂಟನೇ ಕ್ಲಾಸಿಗೆ ಸೇರಿಸಲು ಜಯಲಕ್ಷ್ಮಿಯನ್ನು ತುಮಕೂರು ರಸ್ತೆ ದಾಟಿಸಿದ್ದು ಮುನಿಯಮ್ಮನೇ. ಮೊಮ್ಮಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಲಾರಿಗಳಿಗೆ ಅಡ್ಡ ಹಿಡಿದು, ನಡುರಸ್ತೆಯಲ್ಲಿ ನಿಂತು ಒಬ್ಬ ಡ್ರೈವರನಿಗೆ "ಪಾಸಾಗೌಳೆ, ನಿಲ್ಸೋ" ಎಂದರಂತೆ. ಜಯಲಕ್ಷ್ಮಿಯ ಮದುವೆ ಆದದ್ದು ಎಷ್ಟೋ ವರ್ಷಗಳ ಮೇಲೆ, ಅವಳೂ ಟೀಚರಾದ ಮೇಲೆ. ದಿಬ್ಬಣ ಬೇರೆ ದಾರಿಯಲ್ಲಿ ಹೋಯಿತು.

ಈ ಕಥೆಯನ್ನು ನಾನು ಮತ್ತು ವಿಮಲಾ ಯಾವಾಗಲೂ ಸೇರಿಯೇ ಹೇಳುತ್ತಿದ್ದೆವು. ಬಾಗಿಲ ಹೊರಗಿನದು ನನ್ನ ಪಾಲು, ಒಳಗಿನದು ಅವಳ ಪಾಲು. ಒಳಗಿನದನ್ನು ಅವಳು ಪ್ರತಿ ಸಲವೂ ಬೇರೆ ಮಾಡಿ ಹೇಳುತ್ತಿದ್ದಳು. ಒಮ್ಮೆ ಅಜ್ಜಿಯ ದಿಬ್ಬಣದ ಮಾತು ಹೇಳಿದೆ ಎನ್ನುತ್ತಿದ್ದಳು. ಇನ್ನೊಮ್ಮೆ ಅವರ ಕಾಗದಕ್ಕೇ ಹಳದಿ ಚೀಟಿ ಕಟ್ಟಿಬಿಟ್ಟೆ ಎನ್ನುತ್ತಿದ್ದಳು. ಮತ್ತೊಮ್ಮೆ ಶಾರದೆಯನ್ನು ರಿಜೆಕ್ಟ್ ಮಾಡಿದ ಕಥೆ ಹೇಳಿದೆ ಎನ್ನುತ್ತಿದ್ದಳು. "ನಿಜವಾಗಿ ಏನು ಹೇಳಿದೆ?" ಎಂದು ನಾನು ಕೇಳಿದರೆ, "ಆಚೆ ಈಚೆ ಅದೇ ಕಣೇ" ಎಂದು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಮುಂದಿನ ಸಲ ಕೇಳಿದರಾಯಿತು ಎಂದು ನಾನೂ ಬಿಟ್ಟುಬಿಡುತ್ತಿದ್ದೆ.

ಅವಳ ವೈಕುಂಠ ಸಮಾರಾಧನೆಯ ದಿನ ನರಸಿಂಹ ಬಂದಿದ್ದ, ಜಯಲಕ್ಷ್ಮಿ ಬಂದಿದ್ದಳು, ಆ ಕ್ಲಾಸಿನ ಇನ್ನೂ ಕೆಲವರು ಬಂದಿದ್ದರು. ಎಲ್ಲರ ತಲೆಯೂ ನರೆತಿದೆ. ಊಟವಾದ ಮೇಲೆ ವಿಮಲಾಳ ಮಗಳು, "ಆಂಟಿ, ಆ ಇನ್‌ಸ್ಪೆಕ್ಟರ್ ಕಥೆ ಹೇಳಿ" ಎಂದಳು. ನಾನು ಹೇಳಿದೆ. ಸೂರ್ಯ ಸೆಕೆಂಡ್ ಸ್ಟೇಜಿನಲ್ಲಿ ಮುಳುಗಿದಾಗ ನಕ್ಕರು, ಶಾರದೆಯ ಹಾರಕ್ಕೆ ಇನ್ನೂ ನಕ್ಕರು, ಐವತ್ತಾರಕ್ಕೆ ನರಸಿಂಹ ಕಣ್ಣೀರು ಬರುವಷ್ಟು ನಕ್ಕ. ವಿಮಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು ಎನ್ನುವವರೆಗೆ ಬಂದು ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನ ಪಾಲನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಒಳಗೆ ಅವಳು ಏನು ಹೇಳಿದಳು ಎಂಬುದು ನನಗೆ ಗೊತ್ತಿಲ್ಲ.